ಬಣ್ಣ ಹಚ್ಚುವ ಮೊದಲು ನಮ್ಮ ಬೈಲಿಗೆ ಬನ್ನಿ

ಮಂಗಳೂರಿನಲ್ಲಿ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕೈಗಾರಿಕೆ, ಯಾವುದು ಗದ್ದೆಯಾಗಿಯೇ ಉಳಿಯಬೇಕು ಎಂದು ಹೇಳುವುದು ಮಾಸ್ಟರ್ ಪ್ಲಾನ್. ಮಾಡುವುದು ನಗರಾಭಿವೃದ್ಧಿ ಪ್ರಾಧಿಕಾರ, ನಮ್ಮ ಮೂಡಾ. ಆದರೆ ಹೀಗೊಂದು ಪ್ಲಾನ್ ಇದೆ ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದೇ ಜಾಗದ ಕನ್ವರ್ಷನ್‌ಗೋ (ಭೂ ಪರಿವರ್ತನೆ), ಪಂಚಾಯಿತಿಯ ಆಸ್ತಿ ದಾಖಲೆಯಾದ 9/11ಗೋ ಓಡಾಡುವಾಗ. "ನಿಮ್ಮ ಜಾಗ ಗ್ರೀನ್ ಝೋನ್‌ನಲ್ಲಿದೆ" ಅಂತಾರೆ, ಅಂದರೆ ಕೃಷಿಗೆ ಮೀಸಲು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಕಾನೂನಿನಲ್ಲಿ ಜನರ ಮಾತಿಗೆ ಜಾಗ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪ್ಲಾನ್ ಪ್ರಕಟಿಸಿ 60 ದಿನ ಆಕ್ಷೇಪಣೆ, ಸಲಹೆ ಕೇಳಬೇಕು. ಆದರೆ ಹಾಗೆ ಕೇಳುವುದು ಯಾವ ಜಾಗ ಯಾವುದಕ್ಕೆ ಅಂತ ನಕ್ಷೆಗೆ ಬಣ್ಣ ಹಚ್ಚಿ ಆದ ಮೇಲೆ. ನನ್ನ ತಕರಾರು ಇರುವುದು ಅಲ್ಲಿಯೇ.

ಒಮ್ಮೆ ಪಕ್ಕದ ಮನೆಯ ಹಿರಿಯರೊಬ್ಬರ ಜೊತೆ ಒಂದು ಕಚೇರಿಗೆ ಇಂಥ ನಕ್ಷೆ ನೋಡಲು ಹೋಗಿದ್ದೆ. ಅಕ್ಷರ ಎಲ್ಲ ಇಂಗ್ಲಿಷ್, ಅದೂ ಸಾಸಿವೆ ಕಾಳಿನಷ್ಟು. ಅವರು ಕನ್ನಡಕ ಮೇಲೆ ಮಾಡಿ, ಬೆರಳಿಟ್ಟು ಮೊದಲು ಹುಡುಕಿದ್ದು ತೋಡನ್ನು, ಅಂದರೆ ಮಳೆನೀರು ಹರಿಯುವ ಹಳ್ಳವನ್ನು. ಬೈಲಿಗೆ, ಅಂದರೆ ತಗ್ಗಿನ ಗದ್ದೆಗೆ, ಪೂರ್ತಿ ಹಳದಿ ಬಣ್ಣ ಹಚ್ಚಿತ್ತು, ಅಂದರೆ ಮನೆ ಕಟ್ಟಬಹುದು. ತೋಡು ಇರಲೇ ಇಲ್ಲ. "ಆಟಿಯ ಮಳೆಯಲ್ಲಿ ಇಲ್ಲಿ ಸೊಂಟದವರೆಗೆ ನೀರು ಮಾರಾಯ್ರೆ, ಇಲ್ಲಿ ಯಾರು ಮನೆ ಕಟ್ಟೂದು?" ಎಂದು ಕೇಳಿದರು. ಉತ್ತರ ಕೊಡುವವರು ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಹಿಂದಿನವರು ಗದ್ದೆಯನ್ನು ಬೆಟ್ಟು, ಮಜಲು, ಬೈಲು ಅಂತ ನೀರು ನೋಡಿಯೇ ವಿಂಗಡಿಸಿದ್ದರು. ಬೆಟ್ಟಿನಲ್ಲಿ ಒಂದು ಬೆಳೆ, ಮಜಲಿನಲ್ಲಿ ಎರಡು, ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ. ಮನೆ ಕಟ್ಟುತ್ತಿದ್ದದ್ದು ಬದಿಯ ಎತ್ತರದಲ್ಲಿ. ಗುಡ್ಡೆಯಿಂದ ಇಳಿದ ನೀರು ಬೈಲಿನಲ್ಲಿ ನಿಂತು, ಇಂಗಿ, ಉಳಿದದ್ದು ನಿಧಾನಕ್ಕೆ ತೋಡು ಸೇರುತ್ತಿತ್ತು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಬೈಲಿಗೆ ಮಣ್ಣು ತುಂಬಿಸಿ ಎತ್ತರ ಮಾಡಿದರೆ ಆ ನೀರು ಪಕ್ಕದವರ ಅಂಗಳಕ್ಕೆ ಬರುತ್ತದೆ, ಅಷ್ಟೇ. 2018ರ ಮೇ 29ರಂದು ಮಳೆನೀರಿನಲ್ಲಿ ಮುಳುಗಿದ ನಗರದ ಕೊಟ್ಟಾರ ಚೌಕಿ ಹೇಗಿತ್ತು ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಸ ಎಲ್ಲಿ ಹಾಕಬೇಕು ಅನ್ನುವುದೂ ಇದೇ ಲೆಕ್ಕಕ್ಕೆ ಸೇರಿದ್ದು. 2019ರ ಆಗಸ್ಟ್‌ನಲ್ಲಿ ನಗರದ ಕಸ ಹಾಕುವ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರದ ಮನೆಗಳ ಮೇಲೆ, ಅಡಿಕೆ ತೋಟಗಳ ಮೇಲೆ ಬಂತು. ಗುಡ್ಡೆಯ ನೀರು ಯಾವ ಕಡೆಗೆ ಇಳಿಯುತ್ತದೆ ಅಂತ ಕೆಳಗೆ ತೋಟ ಮಾಡಿದವರಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಜನರನ್ನು ಕೇಳಿದರೆ ಎಲ್ಲರೂ ತಮ್ಮ ಜಾಗ ಹಳದಿ ಆಗಲಿ ಅಂತಾರೆ, ಪ್ಲಾನ್ ಮುಂದೆ ಹೋಗುವುದಿಲ್ಲ" ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಮಗಳ ಮದುವೆಗೆ ಹತ್ತು ಸೆಂಟ್ಸ್ ಮಾರಬೇಕಾದವನಿಗೆ ಹಸಿರು ಬಣ್ಣ ಎಂದರೆ ನಷ್ಟವೇ. ಆ ನಷ್ಟದ ಮಾತನ್ನೂ ಆಡಬೇಕು, ಪರಿಹಾರ ಏನು ಅಂತ ಹೇಳಬೇಕು. ಆದರೆ ಒಬ್ಬೊಬ್ಬರೇ ಅರ್ಜಿ ಹಿಡಿದು ಹೋದರೆ ಪ್ರತಿಯೊಬ್ಬರೂ ತಮ್ಮ ಜಾಗದ ಬಗ್ಗೆಯೇ ಮಾತಾಡುವುದು. ಮೇಲಿನ ಮನೆಯವರು, ಕೆಳಗಿನ ಮನೆಯವರು ಒಟ್ಟಿಗೆ ಕೂತರೆ ತೋಡಿನ ಮಾತು ಬಂದೇ ಬರುತ್ತದೆ.

ಕೂರಲು ಜಾಗವೂ ಇದೆಯಲ್ಲ. ಸಂವಿಧಾನದ 1992ರ 74ನೇ ತಿದ್ದುಪಡಿಯಲ್ಲೇ ವಾರ್ಡ್ ಕಮಿಟಿಯ ಮಾತಿದೆ. ನಮ್ಮ ಪಾಲಿಕೆಗೆ 60 ವಾರ್ಡ್. ಪ್ಲಾನ್ ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಆ ಕೆಲಸ ಶುರುವಾಗುವಾಗ ಪ್ರತಿ ವಾರ್ಡಿಗೂ ಕನ್ನಡದಲ್ಲಿ, ಸರ್ವೆ ನಂಬರ್ ಕಾಣುವ ಹಾಗೆ ದೊಡ್ಡ ನಕ್ಷೆ ಬರಲಿ. ಇಂಜಿನಿಯರ್‌ಗಳು ಜುಲೈಯ ಮಳೆಯಲ್ಲಿ ಊರಿನವರ ಜೊತೆ ತೋಡಿನ ಬದಿಯಲ್ಲಿ ನಡೆಯಲಿ. ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಆಗಲಿ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹೆಸರಿಲ್ಲದ ಬಾಡಿಗೆಯವರನ್ನೂ, ಬೆಂಗ್ರೆಯ ಮೀನುಗಾರರನ್ನೂ ಕರೆಯಲಿ. ಬಲೆ ಒಣಗಿಸುವ, ದೋಣಿ ಎಳೆದಿಡುವ ಜಾಗ ಯಾವ ದಾಖಲೆಯಲ್ಲೂ ಅವರ ಹೆಸರಲ್ಲಿ ಇಲ್ಲದಿರಬಹುದು, ಆದರೆ ಅದು ಹೋದರೆ ಅನ್ನ ಹೋದ ಹಾಗೆ. ಬಂದ ಪ್ರತಿ ಆಕ್ಷೇಪಣೆಗೂ ಒಪ್ಪಿದೆವು ಅಥವಾ ಇಂಥ ಕಾರಣಕ್ಕೆ ಒಪ್ಪಲಿಲ್ಲ ಅಂತ ಬರಹದಲ್ಲಿ ಉತ್ತರ ಸಿಗಲಿ.

ನಿಮ್ಮ ವಾರ್ಡಿನಲ್ಲಿ ಮುಚ್ಚಿಹೋದ ತೋಡು, ಮಣ್ಣು ತುಂಬಿಸಿದ ಬೈಲು ಇದ್ದರೆ ಎಲ್ಲಿಂದ ಎಲ್ಲಿಯವರೆಗೆ ಅಂತ ಇಲ್ಲಿ ಬರೆಯಿರಿ. ಮನೆಯ ಹಿರಿಯರನ್ನು ಕೇಳಿಯೇ ಬರೆಯಿರಿ. ಪಟ್ಟಿ ಮಾಡಿ ವಾರ್ಡ್ ಕಮಿಟಿಗೂ ಮೂಡಾಕ್ಕೂ ಒಟ್ಟಿಗೆ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳೋಣ.