ನುಂಗಿದ್ದು ವಾಟೆ, ಕುಡಿಸಿದ್ದು ಉಪ್ಪುನೀರು, ಕರೆತಂದದ್ದು ನಾಲ್ಕನೇ ದಿನ

ಮಾವಿನ ಕಾಲ ಬಂತೆಂದರೆ ಪ್ರತಿ ವರ್ಷ ಇದೇ ಪಾಡು. ಹಣ್ಣು ಚೀಪಿ ವಾಟೆಯನ್ನು ನಾಯಿಯ ಮುಂದೆ ಎಸೆಯುವುದು, ಅದು ಗುಳುಂ ಮಾಡಿದ ಮೇಲೆ "ನಾಳೆ ಕಕ್ಕದಲ್ಲಿ ಹೋಗುತ್ತೆ ಬಿಡು" ಅನ್ನುವುದು. ಹೋಗಲ್ಲ ರೀ! ಲ್ಯಾಬ್ರಡಾರ್ ಗಂಟಲಲ್ಲಿ ಇಳಿದ ವಾಟೆ ಅದರ ಸಣ್ಣ ಕರುಳಲ್ಲೂ ಇಳಿಯುತ್ತೆ ಅಂತ ಯಾರು ಹೇಳಿದ್ದು? ಜಠರದಲ್ಲಿ ಅದು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಸುಮ್ಮನೆ ಕೂತಿದ್ದು, ಆಮೇಲೆ ಕರುಳಿಗೆ ಜಾರಿ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಿ "ಮೂರು ದಿನ ಚೆನ್ನಾಗೇ ಇತ್ತು ಡಾಕ್ಟ್ರೇ" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ.

ಸಿಟ್ಟು ನಾಯಿ ನುಂಗಿತು ಅಂತಲ್ಲ. ಆಮೇಲೆ ಮನೆಯಲ್ಲಿ ನಡೆಯುವ ವೈದ್ಯ ಇದೆಯಲ್ಲ, ಅದರ ಮೇಲೆ. ಮೊದಲನೆಯದು ಉಪ್ಪುನೀರು. ವಾಂತಿ ಆಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರುತ್ತೆ, ಸೋಡಿಯಂ ಏರಿ ಮೆದುಳಿಗೆ ಪೆಟ್ಟಾಗಿ ಫಿಟ್ಸ್ ಬರುತ್ತೆ. ವಾಟೆಯಿಂದ ಸಾಯದ ನಾಯಿ ಉಪ್ಪಿನಿಂದ ಸಾಯಬಹುದು. ಎರಡನೆಯದು ಹರಳೆಣ್ಣೆ. ಸಿಕ್ಕಿಕೊಂಡ ವಾಟೆಯನ್ನು ಎಣ್ಣೆ ಅಲ್ಲಾಡಿಸುವುದಿಲ್ಲ, ಬಾಯಿಗೆ ಬಲವಂತವಾಗಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತೆ ಅಷ್ಟೆ. ಮೂರನೆಯದು ಮೆಡಿಕಲ್ ಶಾಪಿನ ವಾಂತಿ ನಿಲ್ಲಿಸುವ ಮಾತ್ರೆ, ಎಲ್ಲಕ್ಕಿಂತ ದೊಡ್ಡ ಮೋಸ. ವಾಂತಿ ನಿಂತಿತು, ವಾಸಿ ಆಯಿತು ಅಂದುಕೊಂಡು ಎರಡು ದಿನ ಕಳೆಯುತ್ತೀರಿ. ಒಳಗೆ ಕರುಳು ಕಟ್ಟಿಕೊಂಡೇ ಇರುತ್ತೆ. ಅದರಲ್ಲೂ ಮೆಟೊಕ್ಲೋಪ್ರಮೈಡ್ ಅನ್ನುವ ಮಾತ್ರೆ ಕೊಟ್ಟರೆ, ಕಟ್ಟಿಕೊಂಡ ಕರುಳನ್ನೇ ಇನ್ನಷ್ಟು ಹಿಂಡಿಸಿದ ಹಾಗೆ.

ಸುಮಾರು ಎರಡು ಗಂಟೆಯೊಳಗೆ ಬಂದರೆ, ನುಂಗಿದ್ದು ಚೂಪಾದದ್ದೋ ಬ್ಯಾಟರಿಯೋ ಅಲ್ಲದಿದ್ದರೆ, ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು. ಜಠರದಲ್ಲೇ ಇರುವಾಗ ಬಂದರೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಲ್ಲಿ ತೆಗೆಯುವ ಅವಕಾಶವಿದೆ. ಆದರೆ ಬರುವುದು ನಾಲ್ಕನೇ ದಿನ: ನೀರು ಕುಡಿದರೂ ವಾಂತಿ, ಒಸಡು ಒಣಗಿ ಅಂಟಂಟು, ಹೊಟ್ಟೆ ಮುಟ್ಟಿದರೆ ಬೆನ್ನು ಗೂನು ಮಾಡುವ ನೋವು.

ಬಂದ ಕೂಡಲೇ ಆಪರೇಷನ್ ಯಾಕೆ ಮಾಡಲಿಲ್ಲ, ಡ್ರಿಪ್ ಹಾಕಿ ಬಿಲ್ ಬೆಳೆಸಿದರು ಅಂತ ಕೂಗಾಡುತ್ತೀರಿ. ನಾಲ್ಕು ದಿನದ ವಾಂತಿಯಲ್ಲಿ ಪೊಟ್ಯಾಸಿಯಂ, ಕ್ಲೋರೈಡ್ ಎರಡೂ ಸೋರಿಹೋಗಿರುತ್ತವೆ. ಅದನ್ನು ಸರಿಮಾಡದೆ ಅನಸ್ತೇಶಿಯ ಕೊಟ್ಟರೆ ಟೇಬಲ್ ಮೇಲೇ ಹೃದಯದ ಬಡಿತ ತಪ್ಪಬಹುದು. ಇನ್ನೊಂದು ಆರೋಪ, "ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಮತ್ತೆ ಸ್ಕ್ಯಾನ್ ಯಾಕೆ?" ಮೂಳೆ, ಮೊಳೆ, ನಾಣ್ಯ ಚೆನ್ನಾಗಿ ಕಾಣುತ್ತವೆ. ವಾಟೆ, ಜೋಳದ ದಿಂಡು, ಕಾಲುಚೀಲ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಗ್ಯಾಸ್ ತುಂಬಿ ಉಬ್ಬಿದ ಕರುಳು ಕಂಡರೆ ಅದೇ ಸುಳಿವು, ಖಚಿತ ಮಾಡಿಕೊಳ್ಳಲು ಅಲ್ಟ್ರಾಸೌಂಡ್ ಬೇಕು.

ಇನ್ನು ತಡ ಮಾಡಿದ್ದರ ಬೆಲೆ. ಕರುಳು ಗುಲಾಬಿ ಬಣ್ಣದಲ್ಲೇ ಇದ್ದರೆ, ಚಿವುಟಿದಾಗ ಅಲೆಯಾಡಿದರೆ, ವಾಟೆಯ ಕೆಳಭಾಗದ ಆರೋಗ್ಯವಂತ ಜಾಗದಲ್ಲಿ ಕರುಳಿನ ಉದ್ದಕ್ಕೆ ಒಂದು ಗೀಟು ಕೊಯ್ದು, ಅದರೊಳಗಿಂದ ವಾಟೆ ಜಾರಿಸಿ ತೆಗೆದು, 3-0 ಅಥವಾ 4-0 ಗಾತ್ರದ ಕರಗುವ ದಾರದಲ್ಲಿ 2-3 ಮಿ.ಮೀ. ಅಂತರದಲ್ಲಿ ಬಿಡಿಬಿಡಿ ಹೊಲಿಗೆ. ಸಲೈನ್ ತುಂಬಿಸಿ ಸೋರುತ್ತದೆಯೇ ನೋಡಿ, ಹೊಟ್ಟೆಯೊಳಗಿನ ಕೊಬ್ಬಿನ ಪೊರೆ ಹೊದಿಸಿ ಮುಚ್ಚುವುದು. ವಾಟೆಯ ಒತ್ತಡದಲ್ಲಿ ರಕ್ತ ಓಡದೆ ಕರುಳು ಕಪ್ಪಾಗಿದ್ದರೆ ಆ ತುಂಡನ್ನೇ ಕತ್ತರಿಸಿ ಎರಡು ತುದಿ ಜೋಡಿಸಬೇಕು. ತೂತಾಗಿ ಕೊಳಕು ಹೊಟ್ಟೆಗೆ ಚೆಲ್ಲಿದ್ದರೆ ಬೆಚ್ಚನೆ ಸಲೈನಿನಲ್ಲಿ ತೊಳೆಯಲು ಕಿಲೋ ತೂಕಕ್ಕೆ 200-300 ಮಿ.ಲೀ., ಅಂದರೆ 30 ಕಿಲೋ ನಾಯಿಗೆ ಆರರಿಂದ ಒಂಬತ್ತು ಲೀಟರ್. ಬಿಲ್ ಮೊದಲ ದಿನದ್ದಲ್ಲ ಸ್ವಾಮಿ, ನಾಲ್ಕನೇ ದಿನದ್ದು.

ಬೆಕ್ಕಿನ ವಿಷಯಕ್ಕೆ ಬಂದರೆ ಇನ್ನೂ ಹೊಟ್ಟೆ ಉರಿಯುತ್ತೆ. ಹಬ್ಬದ ಮಾರನೇ ದಿನ ಹೂವಿನ ಮಾಲೆಯ ದಾರ, ಬೇರೆ ದಿನ ಹೊಲಿಗೆ ಮಿಷನ್ನಿನ ದಾರ, ಎಷ್ಟೋ ಸಲ ಸೂಜಿಯ ಸಮೇತ. ದಾರದ ಒಂದು ಕಡೆ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿರುತ್ತೆ, ಉಳಿದದ್ದು ಕರುಳಲ್ಲಿ ಮುಂದೆ ಮುಂದೆ ಹೋಗುತ್ತೆ. ಲಾಡಿ ಎಳೆದ ಲಂಗದ ಹಾಗೆ ಕರುಳೆಲ್ಲ ನೆರಿಗೆ ಬೀಳುತ್ತೆ. ಹಿಂದಿನಿಂದ ತುದಿ ನೇತಾಡುವುದು ಕಂಡ ಕೂಡಲೇ ಎಳೆಯುತ್ತೀರಲ್ಲ, ಆ ಬಿಗಿದ ದಾರ ಗರಗಸದಂತೆ ಕರುಳನ್ನು ನಾಲ್ಕೈದು ಕಡೆ ಕೊಯ್ಯುತ್ತೆ. ಎಳೆಯಬೇಡಿ, ಉದ್ದ ತುದಿಯನ್ನೂ ಹಾಗೇ ಬಿಟ್ಟು ನೆಕ್ಕದ ಹಾಗೆ ನೋಡಿಕೊಂಡು ಕರೆತನ್ನಿ. ವಾಂತಿ ಮಾಡುವ ಬೆಕ್ಕಿನ ನಾಲಿಗೆ ಎತ್ತಿ ಬುಡ ನೋಡದೆ "ಅಜೀರ್ಣ" ಅಂತ ಕಳಿಸುವ ವೈದ್ಯರ ಮೇಲೂ ಇಷ್ಟೇ ಸಿಟ್ಟಿದೆ. ಅರ್ಧ ನಿಮಿಷದ ಕೆಲಸ ಅದು.

ಆಪರೇಷನ್ ಮುಗಿದ ಮೇಲಾದರೂ ಹೇಳಿದ್ದು ಕೇಳಿ. ಕರುಳಿನ ಹೊಲಿಗೆ ಬಿಡುವ ಅಪಾಯ ಹೆಚ್ಚಿರುವುದು ಮೂರರಿಂದ ಐದನೇ ದಿನ. ನಾಯಿ ಬಾಲ ಆಡಿಸಿತು ಅಂತ, ಹೊಲಿಗೆ ನೆಕ್ಕದಿರಲಿ ಎಂದು ಹಾಕಿದ ಕಾಲರ್ ಬಿಚ್ಚಿ, ಎರಡನೇ ದಿನಕ್ಕೇ ಮಟನ್ ಮೂಳೆ ಕೊಡುವವರಿದ್ದಾರೆ. ಮೆತ್ತಗಿನ ಆಹಾರ, ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ. ಆ ದಿನಗಳಲ್ಲಿ ಮತ್ತೆ ವಾಂತಿ, ಜ್ವರ, ಮಂಕು, ಊಟ ಬಿಡುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಹೊರಡಿ. ಹೊರಡುವ ಮುಂಚೆ ಫೋನ್ ಮಾಡಿ, ಆಪರೇಷನ್ ಮಾಡುವವರು ಇದ್ದಾರಾ ಕೇಳಿ.