'ಬಾಶು' ನೋಡುವಾಗ ಸಬ್‌ಟೈಟಲ್ ನುಂಗಿಹಾಕುವುದು

ಯುದ್ಧದಿಂದ ಓಡಿಬಂದ ಹುಡುಗನೊಬ್ಬನ ಕಥೆಯ ಇರಾನಿ ಸಿನಿಮಾ 'ಬಾಶು' ನೋಡಿ "ಭಾಷೆ ಮೀರಿದ ಮನುಷ್ಯತ್ವ" ಎಂದು ಬರೆಯುವವರಲ್ಲಿ ಎಷ್ಟು ಜನರ ಕಿವಿಗೆ ಅದರ ಮೂರು ಭಾಷೆಗಳು, ಅರಬಿ, ಗಿಲಕಿ, ಪರ್ಷಿಯನ್, ಬೇರೆಬೇರೆಯಾಗಿ ಬಿದ್ದಿವೆಯೋ ಅನುಮಾನ. ತಪ್ಪು ಅವರದಲ್ಲ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಬ್‌ಟೈಟಲ್ ಮೂರನ್ನೂ ಒಂದೇ ಬಿಳಿ ಅಕ್ಷರದಲ್ಲಿ ಇಸ್ತ್ರಿ ಹೊಡೆದುಬಿಡುತ್ತದೆ. ಈ ಸಿನಿಮಾವನ್ನು ಬರೀ ಪರ್ಷಿಯನ್ ಚಿತ್ರ ಎನ್ನುವುದೇ ಅರ್ಧ ಸುಳ್ಳು.

ಇರಾನ್–ಇರಾಕ್ ಯುದ್ಧ ನಡೆಯುತ್ತಿದ್ದಾಗಲೇ ಬಹರಾಮ್ ಬೈಜಾಯಿ ಇದನ್ನು ಮಾಡಿದರು. ನಿರ್ಮಾಣ ಮಕ್ಕಳ ಸಂಸ್ಥೆ ಕಾನೂನ್‌ನದ್ದು. ಇರಾನಿನ ಹೆಸರಾಂತ ನಿರ್ದೇಶಕ ಕಿಯಾರೊಸ್ತಮಿ ಬೆಳೆದದ್ದೂ ಅಲ್ಲೇ. ತೆರೆ ಕಂಡದ್ದು ಮಾತ್ರ 1988ರ ಕದನವಿರಾಮದ ನಂತರ, 1989ರಲ್ಲಿ. ಯಾಕೆ ತಡೆದರು ಅಂದರೆ, ಆಗ ಸರ್ಕಾರಕ್ಕೆ ಬೇಕಿದ್ದದ್ದು ರಣರಂಗ, ಹುತಾತ್ಮರು, ಗೆಲುವು. ಇಲ್ಲಿ ಶತ್ರುವಿನ ಮುಖವೇ ಕಾಣುವುದಿಲ್ಲ. ಬಾಂಬ್ ಬೀಳುವುದು ಮೊದಲ ಕೆಲವು ನಿಮಿಷ ಮಾತ್ರ. ಇರಾಕ್ ಗಡಿಯ ಖುಜೆಸ್ತಾನದ ಹುಡುಗ ಬಾಶು ಲಾರಿ ಹತ್ತಿ ಅಡಗುತ್ತಾನೆ, ಇಳಿದಾಗ ಉತ್ತರದ ಕ್ಯಾಸ್ಪಿಯನ್ ಕಡೆಯ ಗಿಲಾನ್ ಪ್ರಾಂತ್ಯದಲ್ಲಿರುತ್ತಾನೆ. ಅಲ್ಲಿ ರಸ್ತೆ ಕೆಲಸಕ್ಕೆ ಬಂಡೆ ಸಿಡಿಸುವ ಸದ್ದಿಗೂ ಯುದ್ಧವೇ ಬಂತೆಂದು ಓಡುತ್ತಾನೆ. ಆಮೇಲೆ ಯುದ್ಧ ಇರುವುದು ಅವನ ತಲೆಯೊಳಗೆ, ಸುಟ್ಟುಹೋದ ಅಮ್ಮ ಆಗಾಗ ಗದ್ದೆಯ ಅಂಚಿನಲ್ಲಿ ಬಂದು ನಿಲ್ಲುವುದರಲ್ಲಿ.

ಅವನನ್ನು ಸಾಕಿಕೊಳ್ಳುವ ರೈತ ಹೆಂಗಸಿನ ಹೆಸರು ನಾಈ. ಕನ್ನಡದ ಕಿವಿಗೆ ಕಸಿವಿಸಿ, ಏನು ಮಾಡುವುದು, ಹೆಸರೇ ಅದು! ಆಕೆಯ ಪಾತ್ರ ಮಾಡಿದ ಸೂಸನ್ ತಸ್ಲಿಮಿ ಹುಟ್ಟಿದ್ದೇ ಗಿಲಾನಿನ ರಶ್ತ್‌ನಲ್ಲಿ. ಗದ್ದೆಯ ಹಸಿರಿನ ನಡುವಿನಿಂದ ಮೇಲೆದ್ದು, ಬಾಯಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕ್ಯಾಮೆರಾವನ್ನೇ ದಿಟ್ಟಿಸುವ ಆ ಮೊದಲ ನೋಟ! ಹೆಂಗಸರ ಕ್ಲೋಸಪ್‌ಗೇ ಹಿಂಜರಿಯುತ್ತಿದ್ದ ಕಾಲ ಅದು.

ಈಗ ಕಿವಿಯ ವಿಷಯ. ಬಾಶು ಆಡುವುದು ಖುಜೆಸ್ತಾನದ ಅರಬಿ. ಗಂಟಲಿನ ಆಳದಿಂದ ಬರುವ ಅಕ್ಷರಗಳನ್ನು ಹಿಡಿದರೆ ಸಾಕು, ಗುರುತು ಸಿಗುತ್ತದೆ. ನಾಈ ಆಡುವುದು ಗಿಲಾನಿನ ಮಾತಾದ ಗಿಲಕಿ. ಅದರಲ್ಲಿ 'ನನ್ನ ಅಮ್ಮ' ಅನ್ನಲು 'ಮಿ ಮಾರ್', ಅಂದರೆ ನಮ್ಮ ಹಾಗೆಯೇ 'ನನ್ನ' ಮೊದಲು. ಪರ್ಷಿಯನ್‌ನಲ್ಲಿ ಅದು ತಿರುಗಿ 'ಮಾದರ್-ಎ ಮನ್' ಆಗುತ್ತದೆ. ಮೊಟ್ಟೆಗೆ ಗಿಲಕಿಯಲ್ಲಿ ಮುರ್ಗಾನೆ, ಅರಬಿಯಲ್ಲಿ ಬೈಜಾ, ಪರ್ಷಿಯನ್‌ನಲ್ಲಿ ತೊಖ್ಮ್-ಎ ಮೊರ್ಗ್. ಇಬ್ಬರೂ ವಸ್ತು ತೋರಿಸಿ ಹೆಸರು ಹೇಳಿಕೊಳ್ಳುವಾಗ ಇಷ್ಟು ದೂರವನ್ನು ದಾಟಬೇಕು. ಸಬ್‌ಟೈಟಲ್‌ನಲ್ಲಿ ಎರಡು ಕಡೆಯೂ ಒಂದೇ ಪದ ಬಂದರೆ ಆ ದೂರವೇ ಮಾಯ.

ಅಚ್ಚುಕಟ್ಟಾದ ಪರ್ಷಿಯನ್ ಮುಖ್ಯವಾಗಿ ಬರುವುದು ಶಾಲೆಯ ಪುಸ್ತಕದಲ್ಲಿ. ಊರ ಹುಡುಗರ ಜೊತೆ ಜಗಳದ ನಡುವೆ ಬಿದ್ದಿದ್ದ ಪಾಠಪುಸ್ತಕ ಎತ್ತಿಕೊಂಡು ಬಾಶು ಜೋರಾಗಿ ಓದುತ್ತಾನೆ: ಇರಾನ್ ನಮ್ಮ ನಾಡು, ನಾವೆಲ್ಲ ಅದರ ಮಕ್ಕಳು ಎಂಬ ಅರ್ಥದ ಸಾಲು. ಹುಡುಗರು ಬೆರಗಾಗುತ್ತಾರೆ. ಇದೇ ದೃಶ್ಯ ಹಿಡಿದು, ಕೊನೆಗೆ ಗೆದ್ದದ್ದು ರಾಷ್ಟ್ರಭಾಷೆಯೇ ಎಂದು ಆಕ್ಷೇಪಿಸುವ ವಿಮರ್ಶಕರಿದ್ದಾರೆ. ಒಪ್ಪಲಾರೆ. ಪುಸ್ತಕ ಬರುವ ಮೊದಲೇ ನಾಈ ಅವನಿಗಾಗಿ ರೊಟ್ಟಿ ಇಟ್ಟು ಹೋಗಿರುತ್ತಾಳೆ. ಅವಳು ಜ್ವರ ಬಂದು ಮಲಗಿದಾಗ ಅವನು ಪರ್ಷಿಯನ್ ಆಡುವುದಿಲ್ಲ, ತನ್ನ ದಕ್ಷಿಣದಲ್ಲಿ ರೋಗ ಬಿಡಿಸಲು ಮಾಡುವ ಜಾರ್ ಆಚರಣೆಯಂತೆ ಬಡಿತ ಹಾಕುತ್ತಾನೆ. ಆದರೆ ನಾಈ ಸೋಪು ಹಚ್ಚಿ ಅವನ ಕಪ್ಪು ಬಣ್ಣವನ್ನು ತಿಕ್ಕಿ ತೆಗೆಯಲು ನೋಡುವ ದೃಶ್ಯದ ಬಗ್ಗೆ ಬಂದಿರುವ ಟೀಕೆಯನ್ನು ತಳ್ಳಿಹಾಕಲಾಗದು. ನಗು ಬರಿಸುವಂತೆ ತೆಗೆದಿದ್ದಾರೆ, ಇಂದು ನಗು ಬರುವುದಿಲ್ಲ.

1999ರಲ್ಲಿ ಇರಾನಿನ ಪತ್ರಿಕೆಯೊಂದು ವಿಮರ್ಶಕರ, ಚಿತ್ರರಂಗದವರ ಮತ ಕೇಳಿದಾಗ ಸಾರ್ವಕಾಲಿಕ ಶ್ರೇಷ್ಠ ಇರಾನಿ ಚಿತ್ರವಾಗಿ ಆಯ್ಕೆಯಾದದ್ದು ಇದೇ. 2025ರಲ್ಲಿ ವೆನಿಸ್‌ನಲ್ಲಿ ಇದರ ಹೊಸದಾಗಿ ಸರಿಪಡಿಸಿದ ಪ್ರತಿಗೆ ಅತ್ಯುತ್ತಮ ಮರುಸ್ಥಾಪಿತ ಚಿತ್ರದ ಪ್ರಶಸ್ತಿ ಬಂತು. ಹಳೆಯ ವಿಎಚ್‌ಎಸ್‌ನಿಂದ ಇಳಿಸಿದ ಪ್ರತಿ ನೋಡಬೇಡಿ. ಗದ್ದೆಯ ಹಸಿರೇ ಅರ್ಧ ಸಿನಿಮಾ, ಅದರಲ್ಲಿ ಅದು ಕೊಳೆತ ಹಳದಿ.

ಫಿಲ್ಮ್ ಸೊಸೈಟಿಯವರು ಕನ್ನಡ ಸಬ್‌ಟೈಟಲ್ ಮಾಡುವುದಾದರೆ, ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನು ಕನ್ನಡ ಅಕ್ಷರ ಹಿಡಿಯುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿ, ಇಲ್ಲವಾದರೆ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಅರಬಿಗೆ ಹಳದಿ, ಗಿಲಕಿಗೆ ಬಿಳಿ, ಪರ್ಷಿಯನ್‌ಗೆ ತಿಳಿನೀಲಿ ಕೊಡಿ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಬಣ್ಣದ ಟ್ಯಾಗ್ ನಡೆಯುತ್ತದೆ, ಪೆನ್‌ಡ್ರೈವ್ ಚುಚ್ಚಿದ ಟಿವಿಯಲ್ಲಿ ಕೆಲವೊಮ್ಮೆ ಟ್ಯಾಗೇ ಅಕ್ಷರವಾಗಿ ಕಾಣುತ್ತದೆ, ಒತ್ತಕ್ಷರ ಒಡೆಯುತ್ತದೆ. ಅಂಥ ಕಡೆ ಅಕ್ಷರವನ್ನು ಚಿತ್ರಕ್ಕೇ ಅಂಟಿಸಿ. ಆರಂಭದಲ್ಲಿ ಹೊಂದಿದ್ದ ಮಾತು ಬರಬರುತ್ತ ಜಾರಿದರೆ, ಸಾಮಾನ್ಯವಾಗಿ ಚಿತ್ರ ಮತ್ತು ಸಬ್‌ಟೈಟಲ್‌ಗಳಲ್ಲಿ ಒಂದು ಸೆಕೆಂಡಿಗೆ 24 ಫ್ರೇಮಿನ ಪ್ರತಿಯದ್ದು, ಇನ್ನೊಂದು 25ರದ್ದು ಎಂದರ್ಥ. ಎರಡು ಗಂಟೆಯ ಚಿತ್ರದ ಕೊನೆಗೆ ಸುಮಾರು ಐದು ನಿಮಿಷದ ಅಂತರ ಬೀಳುತ್ತದೆ. ಇಡೀ ಫೈಲನ್ನು ಮುಂದಕ್ಕೆ ತಳ್ಳಿ ಪ್ರಯೋಜನವಿಲ್ಲ, ಫ್ರೇಮ್‌ರೇಟ್ ಬದಲಿಸಿ ಹಿಗ್ಗಿಸಬೇಕು ಇಲ್ಲವೇ ಕುಗ್ಗಿಸಬೇಕು.

ಇನ್ನೊಂದು ಮಾತು, ಜಗಳಕ್ಕೆ ಬಂದರೂ ಸರಿ: ಗಿಲಾನಿಗೆ ಬಂದ ಮೊದಲ ದಿನಗಳ ಬಾಶುವಿನ ಅರಬಿಗೆ ಸಬ್‌ಟೈಟಲ್ ಹಾಕಲೇಬೇಡಿ. ನಾಈಗೆ ತಿಳಿಯದ್ದು ನಮಗೂ ತಿಳಿಯದಿರಲಿ. ಕೊನೆಯಲ್ಲಿ, ದುಡಿಯಲು ಹೋಗಿದ್ದ ಗಂಡ ಒಂದು ಕೈ ಕಳೆದುಕೊಂಡು ಮರಳಿದ ಮೇಲೆ, ಎಲ್ಲರೂ ಕಾಡುಹಂದಿ ಓಡಿಸಲು ಕೂಗುತ್ತ ಗದ್ದೆಗೆ ನುಗ್ಗುತ್ತಾರಲ್ಲ, ಅಲ್ಲೂ ಪರದೆಯ ಕೆಳಗೆ ಖಾಲಿ ಬಿಡಿ.