‘ನೋಡ್ಕೊಂಡು ಮಾಡಪ್ಪ’

ಬೆಂಗಳೂರಿನ ಪೀಣ್ಯದ ಒಂದು ಶೆಡ್‌ನಲ್ಲಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಮೆಷಿನ್) ಓಡಿಸುತ್ತಿದ್ದ ನಾಲ್ಕು ವರ್ಷ ನಾನು ದಿನಾ ಕೇಳಿಸಿಕೊಂಡ ಆದೇಶ ಒಂದೇ: ‘ನೋಡ್ಕೊಂಡು ಮಾಡಪ್ಪ.’ ಏನನ್ನು ನೋಡಬೇಕು, ಎಷ್ಟು ಪೀಸಿಗೊಮ್ಮೆ ಅಳೆಯಬೇಕು, ಅಳತೆ ಜರುಗಿದರೆ ಯಾರನ್ನು ಕೇಳಬೇಕು, ಇದ್ಯಾವುದೂ ಆ ಮಾತಿನಲ್ಲಿ ಇರುತ್ತಿರಲಿಲ್ಲ. ಹೇಳಿದವರು ಕೆಟ್ಟವರಲ್ಲ. ಅವರೂ ಹಾಗೇ ಹೇಳಿಸಿಕೊಂಡು ಮೇಲೆ ಬಂದವರು.

ಒಂದು ರಾತ್ರಿ ಪಾಳಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 25 ಮಿಲಿಮೀಟರ್ ಶಾಫ್ಟ್. ಲೋಹ ಕಡೆಯುವ ಅಲಗು, ಅಂದರೆ ಇನ್ಸರ್ಟ್, ಸವೆದು ವ್ಯಾಸ ದಪ್ಪ ಬರುತ್ತಿತ್ತು. ‘20 ಮೈಕ್ರಾನ್ ಇಳಿಸು’ ಅಂದರು ಸೂಪರ್‌ವೈಸರ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇಳಿಸಿದೆ. ಅರ್ಧ ಗಂಟೆ ಕಳೆದು ಪ್ರೊಡಕ್ಷನ್ ಮ್ಯಾನೇಜರ್ ಬಂದರು, ಟ್ರೇಯ ತಳದಲ್ಲಿದ್ದ ಹಳೇ ಪೀಸನ್ನು ಅಳೆದು, ‘20 ಮೈಕ್ರಾನ್ ಇಳಿಸೋ’ ಅಂದರು. ‘ಆಗಲೇ ಇಳಿಸಿದೀನಿ ಸಾರ್’ ಅನ್ನಲು ಬಾಯಿ ಬರಲಿಲ್ಲ. ಮತ್ತೆ ಇಳಿಸಿದೆ. ಬೆಳಗಾಗುವಷ್ಟರಲ್ಲಿ 60 ಶಾಫ್ಟ್ ಗುಜರಿ. ದಪ್ಪ ಉಳಿದದ್ದನ್ನು ಮತ್ತೊಂದು ಸಲ ಕಡೆಯಬಹುದು, ಸಣ್ಣಗಾದದ್ದನ್ನು ಏನು ಮಾಡುವುದು? ಬೈಸಿಕೊಂಡವನು ನಾನು. ಎರಡು ಬಾಯಿಂದ ಬಂದ ಆದೇಶದ ಮಾತನ್ನು ಯಾರೂ ಎತ್ತಲಿಲ್ಲ.

ಒಬ್ಬ ಕೆಲಸಗಾರನಿಗೆ ಆದೇಶ ಒಬ್ಬರಿಂದಲೇ ಬರಬೇಕು ಎಂದು ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲೇ ಬರೆದಿದ್ದರು. ನಮ್ಮ ಪಿಯುಸಿ ವಾಣಿಜ್ಯದ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಕೆಲಸ ಮಾಡಿಸುವ ‘ನಿರ್ದೇಶನ’ವೆಂದರೆ ಮೇಲ್ವಿಚಾರಣೆ, ಪ್ರೇರಣೆ, ನಾಯಕತ್ವ, ಸಂವಹನ ಎಂದೂ ಬರೆದು ಅಂಕ ಪಡೆಯುತ್ತಾರೆ. ನಾನು ನೋಡಿದ ಶೆಡ್‌ಗಳಲ್ಲಿ ಸೂಪರ್‌ವೈಸರ್ ಆದವರು ಆ ಪಾಠ ಓದಿದವರಲ್ಲ. ಕೈಕೆಲಸದಲ್ಲಿ ಗಟ್ಟಿಗರು. ಚೆನ್ನಾಗಿ ಮಾಡಬಲ್ಲವನು ಚೆನ್ನಾಗಿ ಹೇಳಿಕೊಡಬಲ್ಲ ಎಂದು ನಾವು ಸುಮ್ಮನೆ ನಂಬಿಬಿಟ್ಟಿದ್ದೇವೆ.

ಈಗ ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಇಲ್ಲಿ ಮೈಸ್ಟರ್, ಅಂದರೆ ಕಸುಬಿನ ಗುರು, ಅನ್ನಿಸಿಕೊಳ್ಳಬೇಕಾದರೆ ಕಸುಬಿನ ಪರೀಕ್ಷೆಯ ಜೊತೆಗೆ ಕಲಿಸುವ ಪರೀಕ್ಷೆಯನ್ನೂ ಪಾಸು ಮಾಡಬೇಕು. ಕಲಿಸುವುದಕ್ಕೆಂದು ಅವರು ಕಲಿಯುವ ಹಳೆಯ ವಿಧಾನದಲ್ಲಿ ನಾಲ್ಕು ಹೆಜ್ಜೆ: ಹುಡುಗನನ್ನು ಸಿದ್ಧಗೊಳಿಸು, ಮಾಡಿ ತೋರಿಸು, ಅವನಿಂದ ಹೇಳಿಸುತ್ತಾ ಮಾಡಿಸು, ರೂಢಿಯಾಗುವವರೆಗೆ ಮಾಡಲು ಬಿಡು. ನನಗೆ ಎದೆಗೆ ನಾಟಿದ್ದು ಮೂರನೆಯದು. ಮೊದಲ ವಾರ ಮೈಸ್ಟರ್ ಮೆಷಿನ್ ನಿಲ್ಲಿಸಿ, ‘ಈಗ ನೀವು ನನಗೆ ಹೇಳಿಕೊಡಿ, ಯಾಕೆ ಹೀಗೆ ಅಂತಲೂ ಹೇಳಿ’ ಅಂದರು. ಹೇಳುತ್ತಾ ಹೇಳುತ್ತಾ ಎಲ್ಲಿ ತಡವರಿಸಿದೆನೋ ಅಲ್ಲಿಂದ ಅವರು ಮತ್ತೆ ಶುರು ಮಾಡಿದರು. ಅಷ್ಟು ವರ್ಷ ಮೆಷಿನ್ ಮುಂದೆ ನಿಂತ ಮೇಲೆ ಮೊದಲ ಸಲ, ನನಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಒಬ್ಬರು ವಿಚಾರಿಸಿದ್ದರು.

ಇಲ್ಲಿ ಎಲ್ಲವೂ ಹಿತವೆಂದಲ್ಲ. ಬೈಯದಿದ್ದರೆ ಹೊಗಳಿದ ಹಾಗೆ ಎಂಬ ಗಾದೆಯೇ ಈ ಸೀಮೆಯಲ್ಲಿದೆ, ಅದರಂತೆಯೇ ನಡೆದುಕೊಳ್ಳುತ್ತಾರೆ. ಪೀಣ್ಯದ ಸೂಪರ್‌ವೈಸರ್ ಅಮ್ಮನ ಆಪರೇಷನ್‌ಗೆ ಅಡ್ವಾನ್ಸ್ ಕೊಡಿಸಿದ್ದರು, ಆಸ್ಪತ್ರೆಗೆ ಎಳನೀರು ಹಿಡಿದು ಬಂದಿದ್ದರು. ಆಯುಧಪೂಜೆಯ ದಿನ ನನ್ನ ಮೆಷಿನ್ನಿಗೆ ಕುಂಬಳಕಾಯಿ ಒಡೆಸಿದವರೂ ಅವರೇ. ಆ ಮನುಷ್ಯನ ಕೈಗೆ ಈ ಮೂರನೇ ಹೆಜ್ಜೆಯೊಂದು ಸಿಕ್ಕಿದ್ದರೆ! ಇದಕ್ಕೆ ಹೊಸ ಮೆಷಿನ್ ಬೇಡ, ಜರ್ಮನಿಯೂ ಬೇಡ. ಹೊಸ ಜಾಬ್ ಹತ್ತಿಸುವಾಗ ಹತ್ತು ನಿಮಿಷ ಸಾಕು. ಮಾಲೀಕರು ಆ ಹತ್ತು ನಿಮಿಷವನ್ನು ಪ್ರೊಡಕ್ಷನ್ ನಷ್ಟವೆಂದು ಬರೆಯದಿದ್ದರೆ ಆಯಿತು.

ಚಿಕ್ಕಪ್ಪನ ಮಗ ಈಚೆಗೆ ಅಲ್ಲೇ ಒಂದು ಶೆಡ್‌ನಲ್ಲಿ ಸೂಪರ್‌ವೈಸರ್ ಆದ. ಕೈಕೆಳಗೆ ಒಡಿಶಾದ ಹುಡುಗರು, ನಡುವೆ ಅರೆಬರೆ ಹಿಂದಿ. ‘ಹೂಂ ಹೂಂ ಅಂತಾರೆ ಅಣ್ಣ, ಆಮೇಲೆ ತಪ್ಪು ಮಾಡ್ತಾರೆ’ ಅಂತ ಗೋಳಾಡಿದ. ಅವರ ಬಾಯಲ್ಲೇ ಹೇಳಿಸು ಅಂದೆ. ಮರುದಿನ ಫೋನ್ ಮಾಡಿದ. ಒಬ್ಬ ಹುಡುಗ ಅರ್ಧ ಹೇಳಿ ನಿಲ್ಲಿಸಿ, ವ್ಯಾಸ ಅಳೆಯುವ ಮೈಕ್ರೋಮೀಟರ್ ಕೈಗೆತ್ತಿಕೊಂಡು, ಇದರಲ್ಲಿ ಓದುವುದು ಹೇಗೆ ಎಂದು ಕೇಳಿದನಂತೆ. ಎಂಟು ತಿಂಗಳಿಂದ ಅದೇ ಮೆಷಿನ್ ಮೇಲಿದ್ದ ಹುಡುಗ.